ಯಾರದೂ ಅಲ್ಲದ ದನಿ

ಮಾರ್ಚ್ ೪, ಬುಧವಾರ

‘ಆ’ ಎನ್ನುವ ಹೆಂಗಸರಿಗೆ ಈ ಲೋಕದಲ್ಲಿ ಬರವಿಲ್ಲ ಎಂಬುದು ಇವತ್ತು ಖಚಿತವಾಯಿತು. ಬೆಳಿಗ್ಗೆಯಿಂದ ಹೆಡ್‌ಫೋನ್ ಸಿಕ್ಕಿಸಿಕೊಂಡು, ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿಟ್ಟ ದನಿಯ ತುಣುಕುಗಳಲ್ಲಿ ಅವರನ್ನೇ ಕೇಳುತ್ತಿದ್ದೇನೆ. ದುಃಖದ ‘ಆ’, ಗುಹೆಯೊಳಗಿನ ‘ಆ’, ನೀರಿನಡಿಯ ‘ಆ’, ‘ಸ್ವರ್ಗೀಯ ಆ, ಭಾಗ ಎರಡು’. ಗಂಡಸರ ಸ್ಯಾಂಪಲ್‌ಗಳು ಇನ್ನೂ ಕಷ್ಟ, ಅವರಿಗೆ ‘ಹೇ!’ ಬಿಟ್ಟು ಬೇರೇನೂ ಬರುವುದಿಲ್ಲ. ಆ ‘ಹೇ!’ಯನ್ನು ನಾನು ಚಪ್ಪಲಿ ಅಂಗಡಿಯಲ್ಲಿ ಕೇಳಿದ್ದೇನೆ, ಜಿಮ್ಮಿನಲ್ಲಿ ಕೇಳಿದ್ದೇನೆ, ಟೂತ್‌ಪೇಸ್ಟ್ ಜಾಹೀರಾತಿನಲ್ಲೂ ಕೇಳಿದ್ದೇನೆ. ಯಾವನೋ ಪುಣ್ಯಾತ್ಮ ಯಾವತ್ತೋ ಒಮ್ಮೆ ಮೈಕಿನ ಮುಂದೆ ಕೂಗಿ ಮನೆಗೆ ಹೋದ. ಅಂದಿನಿಂದ ಜಗತ್ತೆಲ್ಲ ಅವನನ್ನು ಕತ್ತರಿಸಿ ಕತ್ತರಿಸಿ ಅಂಟಿಸಿಕೊಳ್ಳುತ್ತಿದೆ.

ಕೆಲಸ ಇಷ್ಟೇ: ಲಿಫ್ಟಿನಲ್ಲಿ ಸಿಕ್ಕಿಬಿದ್ದ ಆರು ಜನರ ಕುರಿತ ಒಂದು ನೃತ್ಯಕ್ಕೆ ಸಂಗೀತ. ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕಟ್ಟಿದ್ದೇನೆ. ತಾಳ ಕೂತಿದೆ, ಕೆಳಗಿನ ಗುಂಯ್‌ಗುಡುವ ಲೋಹದ ಸದ್ದೂ ಕೂತಿದೆ. ನೃತ್ಯ ನಿರ್ದೇಶಕಿಗೆ ಅದರ ಮೇಲೆ ಅಲ್ಲಲ್ಲಿ ಮನುಷ್ಯರ ದನಿಯ ಚೂರುಗಳು ಬೇಕು. ಅವರ ಮಾತಿನಲ್ಲೇ ಹೇಳುವುದಾದರೆ: “ಮನುಷ್ಯರ ದನಿ ಆಗಿರ್ಬೇಕು, ಆದ್ರೆ ಯಾರದೂ ಅನ್ನಿಸ್ಬಾರ್ದು. ಮಾತಾಗ್ಬಾರ್ದು. ಹಾಡಂತೂ ಆಗ್ಲೇಬಾರ್ದು.” ಮೂರು ಮಾದರಿ ಕಳಿಸಿದೆ. ಉತ್ತರ ಬಂತು: “ಅದಲ್ಲ.”

ಸೋಮವಾರ ಹೆಂಡತಿಯ ಗಂಟಲಿನ ಆಪರೇಷನ್ ಆಯಿತು. ಈಜು ಕಲಿಸುವವಳು. ಚಾವಣಿ ಹೊದ್ದ ಕೊಳದ ಪಕ್ಕ ನಿಂತು ವರ್ಷಗಟ್ಟಲೆ ಕೂಗಿ ಕೂಗಿ ಧ್ವನಿತಂತುವಿನ ಮೇಲೆ ಗಂಟು ಬೆಳೆಸಿಕೊಂಡಿದ್ದಾಳೆ. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಿದ್ದಾರೆ. ಡಾಕ್ಟರ್ ಹೇಳುವವರೆಗೆ ಮಾತಿಲ್ಲ, ಪಿಸುಮಾತೂ ಇಲ್ಲ. ಮನೆ ತಣ್ಣಗಿರುತ್ತದೆ, ನನ್ನ ಕೆಲಸ ಸರಸರ ಸಾಗುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಈಗ ಚಪ್ಪಾಳೆ ತಟ್ಟಿ ಕರೆಯುತ್ತಾಳೆ. ಹೆಡ್‌ಫೋನಿನಲ್ಲಿ ಅದು ಕೇಳಿಸುವುದಿಲ್ಲವೆಂದು ಗೊತ್ತಾದ ಮೇಲೆ ಮಡಚಿದ ಸಾಕ್ಸ್ ಎಸೆಯುತ್ತಾಳೆ. ಒಂದು ಸಲವೂ ಗುರಿ ತಪ್ಪಿಲ್ಲ.

ಮಾರ್ಚ್ ೬, ಶುಕ್ರವಾರ

ಒಂದು ಉಸಿರಿನ ಸದ್ದನ್ನು ಹೆಚ್ಚುಕಡಿಮೆ ಹಿಡಿದಿದ್ದೆ. ಅಷ್ಟರಲ್ಲಿ ಅತ್ತೆಯ ಫೋನು.

“ಅಳಿಯಂದ್ರೇ, ಅವಳಿಗೆ ಕೊಡಿ.”

“ಅತ್ತೆ, ಅವಳು ಮಾತಾಡೋ ಹಾಗಿಲ್ಲ.”

“ಮಾತಾಡೋದ್ ಬೇಡ. ಬರೀ ಹೂಂ ಅನ್ಲಿ.”

“ಹೂಂ ಅನ್ನೋದೂ ಮಾತೇ ಅಂತೆ.”

“ಇದ್ಯಾವ ಸೀಮೆ ಡಾಕ್ಟ್ರೋ! ಹೂಂ ಅಂದ್ರೆ ಬಾಯೇ ತೆಗೆಯಲ್ಲವಲ್ಲ!”

ಕೊನೆಗೆ ಫೋನನ್ನು ಇವಳ ಕೈಗೆ ಕೊಟ್ಟೆ. ಅತ್ತೆ ತಮ್ಮ ಮಂಡಿನೋವಿನಿಂದ ಹಿಡಿದು ಪಕ್ಕದ ಮನೆಯ ನಾಯಿಯವರೆಗೆ ಎಲ್ಲವನ್ನೂ ಹೇಳಿದರು. ಇವಳು ಸಿಕ್ಕಸಿಕ್ಕಲ್ಲಿ ಉಗುರಿನಿಂದ ಫೋನಿನ ಮೇಲೆ ಕುಟ್ಟುತ್ತಿದ್ದಳು. ಅಮ್ಮ ಮಗಳಿಬ್ಬರಿಗೂ ಅದು ಪೂರ್ತಿ ಅರ್ಥವಾದಂತಿತ್ತು. ನನ್ನ ಉಸಿರು ಮಾತ್ರ ಆ ಹೊತ್ತಿಗೆ ಹಳಸಿತ್ತು. ಮತ್ತೆ ಕೇಳಿದರೆ ಟೈರಿನ ಗಾಳಿ ಹೋದಂತಿದೆ.

ಮಾರ್ಚ್ ೧೦, ಮಂಗಳವಾರ

ಊರವರ ಸ್ಯಾಂಪಲ್ ಯಾಕೆ, ನನ್ನದೇ ಗಂಟಲಿಲ್ಲವೇ ಎಂದು ಬಟ್ಟೆಯ ಬೀರುವಿನೊಳಗೆ ಮೈಕು ಹಿಡಿದುಕೊಂಡು ಕೂತೆ. ಗೋಡೆಗಳ ಮಾರ್ದನಿ ತಪ್ಪಿಸಲು ಅದಕ್ಕಿಂತ ಒಳ್ಳೆಯ ಜಾಗ ಮನೆಯಲ್ಲಿಲ್ಲ. ಕೋಟುಗಳ ನಡುವೆ ಮುಖವಿಟ್ಟು ನರಳಿದೆ, ಗೊರಗೊರ ಎಂದೆ, ಗಾಳಿ ಒಳಗೆಳೆದುಕೊಂಡೆ. ಯಾವುದೋ ಒಂದು ನರಳಾಟದ ಮಧ್ಯೆ ಬಾಗಿಲು ತೆರೆಯಿತು. ಇವಳು ಟವೆಲ್ ತೆಗೆದುಕೊಳ್ಳಲು ಬಂದಿದ್ದಳು.

ಅವಳ ಭುಜಗಳು ಕುಣಿಯತೊಡಗಿದವು. ಕಣ್ಣಲ್ಲಿ ನೀರು ಬಂತು. ಸದ್ದು ಮಾತ್ರ ಇಲ್ಲ. ತಟ್ಟನೆ ಹೆದರಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ನಗುವುದೂ ಕೂಡದು ಎಂದಿದ್ದಾರಂತೆ. ಟವೆಲ್ ಅಲ್ಲೇ ಉಳಿಯಿತು.

ರೆಕಾರ್ಡು ಮಾಡಿದ್ದನ್ನು ಕಳಿಸಿದೆ. ನಿರ್ದೇಶಕಿಯ ಉತ್ತರ: “ಅದಲ್ಲ. ಯಾರ್ರೀ ಇದು, ಹೊಟ್ಟೆನೋವಾ ಪಾಪ?”

ಮಾರ್ಚ್ ೧೨, ಗುರುವಾರ

“ಅದಲ್ಲ.”

ಮಾರ್ಚ್ ೧೩, ಶುಕ್ರವಾರ

ರೆಕಾರ್ಡರ್ ಹಿಡಿದು ಹೊರಬಿದ್ದೆ. ರೈಲು ನಿಲ್ದಾಣದ ಮೆಟ್ಟಿಲ ಕೆಳಗೆ ಒಂದು ಒಳ್ಳೆಯ ಮೂಲೆ ಇದೆ. ಜನರ ಮಾತು ಅಲ್ಲಿಗೆ ಇಳಿಯುವಷ್ಟರಲ್ಲಿ ಪದಗಳೆಲ್ಲ ಉದುರಿ ಬರೀ ದನಿ ಉಳಿದಿರುತ್ತದೆ. ಒಬ್ಬ ತಾಯಿ ಮೇಲಿನಿಂದ ಮಗುವನ್ನು ಕರೆದಳು. ಎಂಥ ಕರೆ! ಹಿಡಿದೆ. ಕೆಳಗಿಳಿದು ಬಂದವಳು ನನ್ನ ಕೈಯಲ್ಲಿದ್ದುದನ್ನು ನೋಡಿ, “ಏನ್ ರೆಕಾರ್ಡ್ ಮಾಡ್ತಿದೀರಿ?” ಅಂದಳು. “ದನಿ” ಅಂದೆ. “ಯಾರ್ ದನಿ?” ಅವಳ ಕಣ್ಣೆದುರೇ ಅಳಿಸಿದೆ. ಕಾವಲುಗಾರ ಬೇರೆ ಬಂದು, ಇಲ್ಲಿ ನಿಲ್ಲಬಾರದು ಅಂದ. ಎಲ್ಲಿ ನಿಲ್ಲಬಹುದು ಎಂದರೆ ಅವನಿಗೂ ಗೊತ್ತಿಲ್ಲ.

ಬರುವಾಗ ಪ್ರಯೋಗಾಲಯಕ್ಕೆ ಹೋಗಿ ಇವಳ ರಿಪೋರ್ಟ್ ಕೇಳಿದೆ. ನಾಳೆ ಎಂದರು. ನಿನ್ನೆ ಫೋನಿನಲ್ಲೂ ನಾಳೆ ಎಂದಿದ್ದರು. ಇವರ ನಾಳೆಗೂ ಒಂದು ಮಾರ್ದನಿ ಇದೆ.

ಮಾರ್ಚ್ ೧೭, ಮಂಗಳವಾರ

ಇವಳು ಬರೆದು ಅಳಿಸುವ ಸ್ಲೇಟಿನಲ್ಲಿ ಉದ್ದುದ್ದ ಬರೆಯುತ್ತಾಳೆ. ನಾನು ಒಂದು ಕೈಯಲ್ಲಿ ಹೆಡ್‌ಫೋನ್ ಎತ್ತಿ ಹಿಡಿದುಕೊಂಡು ಕಾಯಬೇಕು. ಇವತ್ತು ತಾಳ್ಮೆ ಕೆಟ್ಟು, ‘ರಿಪೋರ್ಟ್ ಬರೋದು ತಡ ಆದ್ರೆ’ ಎಂದು ಅವಳು ಬರೆಯುತ್ತಿರುವಾಗಲೇ, “ನಾನೇನು ಮಾಡ್ಲಿ, ಹೋಗಿ ಕೇಳ್ಕೊಂಡ್ ಬಂದೆನಲ್ಲ!” ಎಂದು ರೇಗಿದೆ. ಅವಳು ಮಿಕ್ಕಿದ್ದನ್ನು ಬರೆಯದೆ ಅಳಿಸಿಬಿಟ್ಟಳು. ಏನಿತ್ತು ಎಂದು ಕೇಳಿದೆ. ಕಣ್ಣು ಮುಚ್ಚಿ ಕೂತಳು. ಮಾತಾಡದವಳ ಜೊತೆ ಜಗಳ ಗೆಲ್ಲುವ ದಾರಿಯೇ ಇಲ್ಲ. ಅವಳು ಅನ್ನಬಹುದಾದದ್ದನ್ನೂ ನಾನೇ ಅಂದೆ, ಅದಕ್ಕೆ ಉತ್ತರವನ್ನೂ ನಾನೇ ಕೊಟ್ಟೆ. ಎರಡೂ ಕಡೆಯಿಂದ ಸೋತೆ.

ಸ್ಯಾಂಪಲ್ ಇಲ್ಲ. ಕೆಲಸ ಇಲ್ಲ. ತಲೆನೋವಿದೆ.

ಮಾರ್ಚ್ ೨೦, ಶುಕ್ರವಾರ

ಸಿಕ್ಕಿತು!

ಹಳೆಯ ಹಾರ್ಡ್ ಡಿಸ್ಕನ್ನು ತಡಕಾಡುವಾಗ ಈಜು ಸ್ಪರ್ಧೆಯ ಒಂದು ವಿಡಿಯೊ ಕಂಡಿತು. ಎಂದೋ ನಾನೇ ತೆಗೆದದ್ದು. ಮಸುಕಾದ ನೀರು, ಕೆಂಪು ಟೋಪಿಯ ಮಕ್ಕಳು, ಆಮೇಲೆ ಚಿತ್ರದ ಹೊರಗಿನಿಂದ ಇವಳ ಕೂಗು: “ತಲೆ ಎತ್ಬೇಡ! ಉಸಿರು ಬಿಡು! ಬಿಡು!” ಆ ಟೈಲ್ಸು, ಆ ಎತ್ತರದ ಚಾವಣಿ! ಲಕ್ಷ ಸುರಿದು ಸ್ಟುಡಿಯೊ ಕಟ್ಟಿದರೂ ಅಂಥ ಮಾರ್ದನಿ ಹುಟ್ಟುವುದಿಲ್ಲ.

ಕೊನೆಯ ‘ಬಿಡು’ವನ್ನು ಎತ್ತಿಕೊಂಡೆ. ‘ಬಿ’ಯನ್ನು ಎಸೆದೆ. ‘ಡು’ವಿನ ಬಾಲ ಹಿಡಿದು ಉದ್ದಕ್ಕೆ ಎಳೆದೆ, ಹಿಂದುಮುಂದಾಗಿ ತಿರುಗಿಸಿದೆ, ಸ್ವರ ಕೊಂಚ ಇಳಿಸಿದೆ. ಈಗ ಮಾರ್ದನಿ ಮೊದಲು ಬರುತ್ತದೆ; ದೂರದಿಂದ ಏನೋ ಊದಿಕೊಳ್ಳುತ್ತ ಊದಿಕೊಳ್ಳುತ್ತ ಹತ್ತಿರವಾಗಿ, ಇನ್ನೇನು ಮಾತಾಗಬೇಕು ಅನ್ನುವಷ್ಟರಲ್ಲಿ ತುಂಡಾಗುತ್ತದೆ. ಲಿಫ್ಟು ಕುಲುಕಿ ನಿಲ್ಲುವ ಜಾಗದಲ್ಲಿ ಇಟ್ಟೆ. ಕೊನೆಯಲ್ಲಿ ಬಾಗಿಲು ತೆರೆಯುವಾಗ ಅದನ್ನೇ ತಿರುಗಿಸದೆ, ನೇರವಾಗಿ ಇಟ್ಟೆ. ಇಡೀ ಟ್ರ್ಯಾಕು ಅಲ್ಲಿ ಉಸಿರು ಬಿಟ್ಟಂತಾಯಿತು.

ಕಳಿಸಿದ ಸ್ವಲ್ಪ ಹೊತ್ತಿಗೆ ನಿರ್ದೇಶಕಿಯೇ ಫೋನ್ ಮಾಡಿದರು. “ಇದೇ! ಇದೇ ಕಣ್ರೀ! ಎಲ್ಲಿತ್ತು ಇಷ್ಟು ದಿನ? ಯಾರದು?”

“ಯಾರದೂ ಅಲ್ಲ ಮೇಡಂ” ಅಂದೆ.

“ಹಾಗೇ ಕೇಳ್ಸುತ್ತೆ!”

ಇವಳಿಗೆ ಈಗಲೇ ಹೇಳುವುದು ಬೇಡ. ಪ್ರದರ್ಶನದ ದಿನ ತಾನಾಗಿಯೇ ಕೇಳಿ ಆಶ್ಚರ್ಯಪಡಲಿ.

ಮಾರ್ಚ್ ೨೩, ಸೋಮವಾರ

ರಿಪೋರ್ಟ್ ಬಂತು. ಕೆಟ್ಟದ್ದೇನೂ ಇಲ್ಲ. ಬರೀ ಗಂಟು. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಗಾಯ ಚೆನ್ನಾಗಿ ಮಾಗುತ್ತಿದೆ, ದನಿ ಬರುತ್ತದೆ ಎಂದರು. “ಆದ್ರೆ ಹಳೇ ದನಿ ಹಾಗೇ ಬರುತ್ತೆ ಅಂತ ಹೇಳೋಕಾಗಲ್ಲಮ್ಮ.” ಇವಳು ಸ್ಲೇಟಿನಲ್ಲಿ ಒಂದೇ ಪದ ಬರೆದು ತೋರಿಸಿದಳು: ‘ಕೂಗಬಹುದಾ?’ ಡಾಕ್ಟರು ಕನ್ನಡಕ ತೆಗೆದರು. “ಕೊಳದ ಪಕ್ಕ ನಿಂತ್ಕೊಂಡಾ? ಅದು ಇನ್ಮೇಲೆ ಬೇಡಮ್ಮ.”

ದಾರಿಯಲ್ಲಿ ಐಸ್‌ಕ್ರೀಂ ಕೊಡಿಸಿದೆ. ಕೈಯಲ್ಲಿ ಹಿಡಿದುಕೊಂಡು ಕರಗಲು ಬಿಟ್ಟಳು. ಅಂಗಿಯ ತೋಳೆಲ್ಲ ರಾಡಿ. ದೊಡ್ಡ ಗಂಡಾಂತರ ತಪ್ಪಿದೆ. ಇನ್ನೇನು ಬೇಕು ಇವಳಿಗೆ?

ಮಾರ್ಚ್ ೨೬, ಗುರುವಾರ

ಸ್ಪೀಕರಿನಲ್ಲಿ ಹೇಗೆ ಕೇಳಿಸುತ್ತದೆಂದು ನೋಡಲು ಟ್ರ್ಯಾಕನ್ನು ದೊಡ್ಡದಾಗಿ ಹಾಕಿದೆ. ಬೆನ್ನ ಹಿಂದೆ ಯಾರೋ ನಿಂತಂತಾಯಿತು. ಇವಳು ಬಾಗಿಲಲ್ಲಿದ್ದಳು. ಪಾತ್ರೆ ತೊಳೆಯುತ್ತಿದ್ದವಳು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಆ ಕೈಯಲ್ಲೇ ಬರೆದಳು: ‘ಇದು ನಾನು.’

ಎಷ್ಟು ಎಳೆದಿದ್ದೇನೆ, ತಿರುಚಿದ್ದೇನೆ, ಹಿಂದುಮುಂದು ಮಾಡಿದ್ದೇನೆ. ಹೇಗೆ ಗೊತ್ತಾಯಿತೋ. ನನಗಂತೂ ಖುಷಿಯೇ ಆಯಿತು. “ಹೌದು! ನಿರ್ದೇಶಕಿ ಹುಚ್ಚೆದ್ದು ಹೋಗಿದಾರೆ” ಅಂದೆ.

‘ಯಾರನ್ನ ಕೇಳಿ ತಗೊಂಡೆ?’

“ಅಯ್ಯೋ, ನೀನು ಅಂತ ಯಾರಿಗೂ ಗೊತ್ತಾಗಲ್ಲ ಕಣೇ.”

‘ನಂಗೆ ಗೊತ್ತಾಯ್ತಲ್ಲ.’

ಅಳಿಸಿದಳು. ಮತ್ತೆ ಬರೆಯಲು ತುಂಬ ಹೊತ್ತು ಹಿಡಿಯಿತು. ನಾನು ಈ ಸಲ ಅವಳ ವಾಕ್ಯ ಮುಗಿಸಲು ಹೋಗಲಿಲ್ಲ.

‘ಅದು ಇನ್ನು ನನ್ನ ಹತ್ರಾನೇ ಇಲ್ಲ. ನೀನು ಇಟ್ಕೊಂಡು ಮಾರ್ತಿದೀಯ.’

ಸ್ಲೇಟನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದಳು. ಇದೆಂಥ ನ್ಯಾಯ? ಕದ್ದಿದ್ದೇನೆಯೇ? ನನ್ನದೇ ಫೋನಿನಲ್ಲಿ ತೆಗೆದ ವಿಡಿಯೊ, ಕೊನೆಗೆ ಉಳಿದದ್ದು ಅರ್ಧ ಅಕ್ಷರ. ಅರ್ಧ ಅಕ್ಷರಕ್ಕೆ ಇಷ್ಟು ರಂಪವೇ?

ಮಾರ್ಚ್ ೨೭, ಶುಕ್ರವಾರ

ಇವತ್ತು ಚಪ್ಪಾಳೆ ಇಲ್ಲ, ಸಾಕ್ಸ್ ಇಲ್ಲ. ಕೆಲಸಕ್ಕೆ ಒಂದಿಷ್ಟೂ ಅಡ್ಡಿಯಾಗಲಿಲ್ಲ. ಒಂದು ಕೆಲಸವೂ ಆಗಲಿಲ್ಲ.

ಸ್ಲೇಟು ಇನ್ನೂ ಮೇಜಿನ ಮೇಲಿದೆ. ಅಳಿಸಲು ಕೈ ಬರುತ್ತಿಲ್ಲ.

ಮಾರ್ಚ್ ೨೮, ಶನಿವಾರ

ತಾಲೀಮಿನ ಹಾಲ್‌ಗೆ ಹೋಗಿ, ಆ ದನಿ ತೆಗೆಯಬೇಕಾಗಿದೆ ಎಂದೆ. ನಿರ್ದೇಶಕಿ ಕುಣಿಯುತ್ತಿದ್ದ ಆರೂ ಜನರನ್ನು ಅಲ್ಲೇ ನಿಲ್ಲಿಸಿದರು.

“ತಮಾಷೆ ಮಾಡ್ತಿದೀರಾ? ಇನ್ನೆರಡು ವಾರಕ್ಕೆ ಶೋ!”

“ಮೇಡಂ, ಅದು ನನ್ನ ಹೆಂಡ್ತಿ ದನಿ.”

“ಯಾರದೂ ಅಲ್ಲ ಅಂದ್ರಿ?”

“ಅಂದಿದ್ದೆ.”

“ಹೆಂಡ್ತೀದೇ ಆದ್ರೆ ಇನ್ನೂ ಸುಲಭ ಆಯ್ತಲ್ರೀ. ಒಂದು ಮಾತು ಕೇಳಿದ್ರಾಯ್ತು.”

“ಅವಳು ಬೇಡ ಅಂತಾಳೆ.”

“ಅಂದ್ಲಾ? ಕೇಳಿದ್ರಾ?”

ಸಿಟ್ಟು ಅವಳಿಗೆ ಬಂದದ್ದು ನೋಡಿದ್ದೆ, ಜಗಳವಾಡಿದ್ದೆ. ಕೇಳಿರಲಿಲ್ಲ.

“ಹೋಗಿ ಕೇಳ್ಕೊಂಡ್ ಬನ್ನಿ,” ಎಂದು ನಿರ್ದೇಶಕಿ ಹಣೆ ಒತ್ತಿಕೊಂಡರು. “ದೇವ್ರೇ, ಗಂಡಸರು!”

ಮಾರ್ಚ್ ೩೦, ಸೋಮವಾರ

ನಿನ್ನೆ ಇಡೀ ದಿನ ಹೇಗೆ ಕೇಳುವುದೆಂದು ಯೋಚಿಸಿ, ಇವತ್ತು ಬೆಳಿಗ್ಗೆ ಅವಳು ಗಿಡಕ್ಕೆ ಪೈಪಿನಿಂದ ನೀರು ಬಿಡುವಾಗ ಸ್ಲೇಟನ್ನು ಅಳಿಸಿಕೊಂಡು ಹೋಗಿ ಅವಳ ಕೈಗೆ ಕೊಟ್ಟೆ. “ನಿನ್ನ ಆ ದನಿ ಉಪಯೋಗಿಸ್ಲಾ?” ಎಂದು ಕೇಳಿದೆ. ಕಾರಣ ಗೀರಣ ಏನೂ ಹೇಳಲಿಲ್ಲ. ಹೇಳಲು ಒಂದು ಕಂತೆ ಇತ್ತು.

ಅವಳು ಯೋಚಿಸಿದಳು. ನೀರು ಕುಂಡ ತುಂಬಿ ನೆಲಕ್ಕೆ ಹರಿಯಿತು.

‘ಬೇಡ.’

“ಆಯ್ತು,” ಅಂದೆ.

ಇಷ್ಟೇ. ಮುಗಿದೇ ಹೋಯಿತು. ಕೆಳಗೆ ಇನ್ನೊಂದು ಸಾಲು ಬರೆದಳು: ‘ಒರೆಸೋ ಬಟ್ಟೆ ತಗೊಂಡ್ ಬಾ.’

ಟ್ರ್ಯಾಕಿನಿಂದ ಅವಳನ್ನು ತೆಗೆದೆ. ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯಂತಾಗಿದೆ. ಮತ್ತೆ ‘ಸ್ವರ್ಗೀಯ ಆ’ಗಳ ಬಾಗಿಲಿಗೆ ಹೋಗಬೇಕು. ನನ್ನ ಹಣೆಬರಹ.

ಏಪ್ರಿಲ್ ೧, ಬುಧವಾರ

ಹೊಸ ಮಾದರಿ ಹಿಡಿದು ತಾಲೀಮಿಗೆ ಹೋದೆ. ನಿರ್ದೇಶಕಿ ಹಾಲ್‌ನ ನಡುವೆ ನಿಂತು ಆರು ಜನರ ಮೇಲೆ ಹರಿಹಾಯುತ್ತಿದ್ದರು. “ಅದಲ್ಲ! ಅದಲ್ಲ! ಮತ್ತೆ! ಅದ…ಲ್ಲ!” ಖಾಲಿ ಹಾಲ್‌ನಲ್ಲಿ ಆ ‘ಲ್ಲ’ ಗೋಡೆಯಿಂದ ಗೋಡೆಗೆ ಜಾರಿ ಮೂಲೆಯಲ್ಲಿ ಪುಡಿಯಾಯಿತು. ಒಂದು ತಿಂಗಳಿನಿಂದ ಅದನ್ನು ಮೊಬೈಲಿನಲ್ಲಿ ಓದುತ್ತಿದ್ದೆನೇ ಹೊರತು ಕೇಳಿರಲಿಲ್ಲ. ಕೈ ತಾನಾಗಿ ರೆಕಾರ್ಡರಿಗೆ ಹೋಯಿತು. ಗುಂಡಿ ಒತ್ತುವ ಮೊದಲು ಹತ್ತಿರ ಹೋದೆ.

“ಮೇಡಂ, ನಿಮ್ಮ ದನಿ ತಗೊಳ್ಲಾ?”

“ನನ್ದಾ? ಕಾಗೆ ಥರ ಇದೆಯಲ್ರೀ.”

“ಅದೇ ಬೇಕು.”

“ನೀವೊಬ್ರು ಏನೇನೋ!” ಎಂದು ನಾಚಿಕೊಂಡರು. ಆ ಮನುಷ್ಯೆ ನಾಚಿಕೊಂಡದ್ದನ್ನು ನಾನು ನೋಡಿದ್ದು ಇದೇ ಮೊದಲು. ನೃತ್ಯಗಾರರಲ್ಲಿ ಎತ್ತರದವಳೊಬ್ಬಳು, “ತಗೊಳ್ಳಿ ಸರ್, ನಮ್ಗೆ ಕನಸಲ್ಲೂ ಅದೇ ಕೇಳ್ಸೋದು” ಅಂದಳು.

ನಿರ್ದೇಶಕಿ ಒಪ್ಪಿ ಇನ್ನೊಮ್ಮೆ ಕೂಗಿದರು, ಹಿಡಿದುಕೊಂಡೆ. ಅಲ್ಲೇ ಲ್ಯಾಪ್‌ಟಾಪ್ ತೆರೆದು ಕೂತೆ. ‘ಲ್ಲ’ವನ್ನು ಕತ್ತರಿಸಿ, ಕೆಳಗಿಳಿಸಿ, ಒಂದರ ಮೇಲೊಂದು ಪೇರಿಸಿದೆ. ಸಂಜೆಗೆ ಮುಂಚೆ ಲಿಫ್ಟು ಕುಲುಕಿ ನಿಲ್ಲುವ ಭಾಗ ಕೇಳಿಸಿದೆ. ನಿರ್ದೇಶಕಿ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ತಲೆಯಾಡಿಸಿ, “ಅದಲ್ಲ,” ಎಂದರು.

ಆರೂ ಜನ ನಕ್ಕು ನೆಲಕ್ಕೆ ಬಿದ್ದರು. ನಿರ್ದೇಶಕಿ ಗಾಬರಿಯಾಗಿ ಸುತ್ತ ನೋಡಿ, ತಾವೂ ನಗತೊಡಗಿದರು. “ಥೂ, ಬಾಯಿಗೆ ಅಂಟ್ಕೊಂಡ್ಬಿಟ್ಟಿದೆ. ಇದೇ ಇರ್ಲಿ. ಇದೇ ಇರ್ಲಿ.”

ಇವಳ ‘ಡು’ವಿನಷ್ಟು ಚೆನ್ನಾಗಿಲ್ಲ. ಅದು ನನಗೆ ಗೊತ್ತು, ನಿರ್ದೇಶಕಿಗೂ ಗೊತ್ತು. ಇಬ್ಬರೂ ಹೇಳಲಿಲ್ಲ.

ಮನೆಗೆ ಬಂದು ಕಥೆಯನ್ನೆಲ್ಲ ಅಭಿನಯಿಸಿ ತೋರಿಸಿದೆ. ಇವಳ ಭುಜ ಕುಣಿಯಿತು. ಜಾಸ್ತಿ ನಗಿಸಬಾರದೆಂದು ಮಧ್ಯೆಮಧ್ಯೆ ನಿಲ್ಲಿಸಬೇಕಾಯಿತು.

ಏಪ್ರಿಲ್ ೬, ಸೋಮವಾರ

ಇವತ್ತು ಇವಳ ಬಾಯಿಂದ ದನಿ ಹೊರಡಿಸುತ್ತೇವೆ ಎಂದು ಆಸ್ಪತ್ರೆಗೆ ಕರೆದಿದ್ದರು. ಮಾತು ತಿದ್ದುವ ತರಬೇತುದಾರೆ ನನ್ನನ್ನು ಹೊರಗೆ ಕೂರಲು ಹೇಳಿದರು. ಗಂಡಂದಿರು ಎದುರಿಗಿದ್ದರೆ ಹೆಂಗಸರು ಬಿಗಿದುಕೊಳ್ಳುತ್ತಾರಂತೆ.

ಕೂತೆ. ಎಷ್ಟೋ ಹೊತ್ತು ಒಳಗಿನಿಂದ ಏನೂ ಇಲ್ಲ. ಆಮೇಲೆ ಯಾವುದೋ ಹೆಂಗಸು ಮಾತಾಡುವುದು ಕೇಳಿಸಿತು. ದಪ್ಪ, ಒಡಕು ದನಿ, ನಡುನಡುವೆ ಬರೀ ಗಾಳಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇವಳ ಸಮಯದಲ್ಲಿ ಇನ್ನೊಬ್ಬರನ್ನು ಒಳಗೆ ಬಿಟ್ಟುಕೊಂಡು ಕೂತಿದ್ದಾರಲ್ಲ, ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ಎದ್ದು ಬಾಗಿಲು ತಟ್ಟಿದೆ.

ತರಬೇತುದಾರೆ ಬಾಗಿಲು ತೆರೆದರು. ಒಳಗೆ ಇವಳೊಬ್ಬಳೇ ಕುರ್ಚಿಯಲ್ಲಿ ಕೂತಿದ್ದಳು.

“ಏನು?” ಅಂದಳು.

“ಏನಿಲ್ಲ,” ಅಂದೆ. “ಕುಡಿಯೋಕೆ ನೀರು ಬೇಕಿತ್ತು.”

ದಿನಕ್ಕೆ ಹತ್ತು ನಿಮಿಷ ಮಾತ್ರ ಮಾತಾಡಬೇಕು, ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ ಎಂದಿದ್ದಾರೆ. ಇವತ್ತಿನದು ಅಲ್ಲೇ ಮುಗಿದಿತ್ತು. ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತಿದ್ದಳು. ನನಗೆ ನೀರು ಬೇಕಿರಲಿಲ್ಲ ಎಂದು ಇವಳಿಗೆ ಗೊತ್ತಾಯಿತೋ ಏನೋ. ಕೇಳಬೇಕು ಎಂದುಕೊಂಡು ಕೇಳಲಿಲ್ಲ. ಅವಳ ಚೀಲವನ್ನು ಮಾತ್ರ ನಾನೇ ಹಿಡಿದುಕೊಂಡೆ.

ಏಪ್ರಿಲ್ ೭, ಮಂಗಳವಾರ

ಹತ್ತು ನಿಮಿಷದಲ್ಲಿ ಒಂದು ನಿಮಿಷ ಅತ್ತೆಗೆ ಎಂದು ಇವಳೇ ಸ್ಪೀಕರ್ ಹಾಕಿ ಫೋನ್ ಮಾಡಿದಳು. “ಅಮ್ಮಾ” ಅಂದಳು.

“ಯಾರಮ್ಮ ನೀನು? ನನ್ ಮಗಳ ಫೋನು ನಿನ್ ಕೈಗೆ ಹೇಗ್ ಬಂತು?”

“ನಾನೇ ಅಮ್ಮಾ.”

ಅತ್ತೆ ಸುಮ್ಮನಾದದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಇವಳು ಕಾದಳು. ನಾನೂ ತಟ್ಟೆ ಹಿಡಿದುಕೊಂಡು ಹಾಗೇ ನಿಂತೆ. ಆಮೇಲೆ ಆ ಕಡೆಯಿಂದ ಬಂತು: “ನಿಮ್ಮಜ್ಜಿ ಹೀಗೇ ಮಾತಾಡ್ತಿದ್ರು ಕಣೇ. ಒಳ್ಳೆ ಗಂಡಸಿನ ಹಾಗೆ.”

ಇವಳು ಫೋನಿನ ಮೇಲೆ ಉಗುರಿನಿಂದ ಎರಡು ಸಲ ಕುಟ್ಟಿದಳು. ಆ ಕಡೆಯಿಂದಲೂ ಎರಡು ಕುಟ್ಟು.

ಉಳಿದ ಒಂಬತ್ತು ನಿಮಿಷ ಕೊಳದ ಮ್ಯಾನೇಜರಿಗೆ ಹೋಯಿತು. ಸೀಟಿ ಮತ್ತು ಕೈಸನ್ನೆಯಲ್ಲೇ ಕಲಿಸುತ್ತೇನೆ, ಒಂದು ತಿಂಗಳು ನೋಡಿ, ಸರಿಬರದಿದ್ದರೆ ಬಿಡುತ್ತೇನೆ ಎಂದು ಹೇಳಿದಳು. ಅವನು ನೋಡೋಣ ಎಂದನಂತೆ. ನನಗೆ ಒಂದು ನಿಮಿಷವೂ ಸಿಗಲಿಲ್ಲ. ಇರಲಿ.

ಏಪ್ರಿಲ್ ೧೨, ಭಾನುವಾರ

ಮಧ್ಯಾಹ್ನ ಪ್ರದರ್ಶನವಾಯಿತು. ಇವಳು ಬೆಳಿಗ್ಗೆಯಿಂದ ತುಟಿ ಬಿಚ್ಚಿರಲಿಲ್ಲ. ಹತ್ತು ನಿಮಿಷವನ್ನೂ ಉಳಿಸಿಟ್ಟುಕೊಂಡಿದ್ದಳು. ಜನ ಚಪ್ಪಾಳೆ ತಟ್ಟಿದರು. ನಿರ್ದೇಶಕಿ ಅತ್ತರು, ಆಮೇಲೆ ದೀಪದವನಿಗೆ ಬೈದರು. ನಾನು ವೇದಿಕೆಯ ಕಡೆ ನೋಡಿದ್ದು ಕಡಿಮೆ. ಪಕ್ಕದಲ್ಲಿ ಕೂತವಳ ಮುಖ ನೋಡುತ್ತಿದ್ದೆ. ಕತ್ತಲಲ್ಲಿ ಏನೂ ಕಾಣಿಸಲಿಲ್ಲ.

ಮನೆಗೆ ಬಂದು ಚಪ್ಪಲಿ ಕಳಚಿ, ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಎದುರು ಕೂತಳು. ಶುರು ಮಾಡಿದಳು. ಎರಡನೇ ಭಾಗ ಉದ್ದವಾಯಿತಂತೆ. ತಾಳದ ಅಬ್ಬರ ಹೆಚ್ಚಂತೆ. ನಾನು ನೀಲಿ ಅಂಗಿ ಹಾಕಬಾರದಿತ್ತಂತೆ. ನಿರ್ದೇಶಕಿಯ ‘ಲ್ಲ’ ಬಂದಾಗ ಇವಳಿಗೆ ಎಲ್ಲಿ ನಕ್ಕುಬಿಡುತ್ತೇನೋ ಎಂದು ಭಯವಾಯಿತಂತೆ. ನಾನೂ ಬಿಡಲಿಲ್ಲ, “ಎಲ್ಲಿ ಉದ್ದ? ಏನು ಉದ್ದ?” ಎಂದು ವಾದಿಸಿದೆ. ಆ ಒಡಕು ದನಿಯಲ್ಲಿ ಬೈಸಿಕೊಳ್ಳುವುದು ಹೊಸಬರ ಹತ್ತಿರ ಬೈಸಿಕೊಂಡಂತೆ, ಮರ್ಯಾದೆಯಿಂದ ಕೇಳಬೇಕಾಗುತ್ತದೆ.

ಆಮೇಲೆ ಒಮ್ಮೆಲೇ ದನಿ ತಗ್ಗಿಸಿದಳು.

“ಕೊನೇಲಿ ಬಾಗ್ಲು ತೆಗೆಯುತ್ತಲ್ಲ, ಅಲ್ಲಿ ನನ್ ದನಿ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಂತ ನಂಗೆ…”

ಅಲಾರಂ ಹೊಡೆಯಿತು. ಇವಳು ಬಾಯಿ ಮುಚ್ಚಿದಳು.

“ಏನು? ಇನ್ನೊಂದು ಪದ ತಾನೇ, ಹೇಳ್ಬಿಡೇ!”

ತಲೆಯಾಡಿಸಿದಳು. ಈಜು ಕಲಿಸುವವಳಿಗೆ ಶಿಸ್ತು ಬೇರೆ. ಸ್ಲೇಟು ತಂದು ಕೊಟ್ಟೆ. ತೆಗೆದುಕೊಂಡು, ‘ಇದು ಬಾಯಲ್ಲೇ ಹೇಳೋದು. ನಾಳೆ’ ಎಂದು ಬರೆದು, ಕಾಲು ಚಾಚಿ ಸೋಫಾದ ಮೇಲೆ ಮಲಗಿದಳು. ಕ್ಷಣದಲ್ಲಿ ನಿದ್ದೆ.

ಅನ್ನಿಸಿತೋ? ಅನ್ನಿಸಲಿಲ್ಲವೋ? ನಮ್ಮ ಭಾಷೆಯಂಥ ಹಾಳು ಭಾಷೆ ಇನ್ನೊಂದಿಲ್ಲ. ಹೌದೋ ಅಲ್ಲವೋ ಎನ್ನುವುದನ್ನು ವಾಕ್ಯದ ಕಟ್ಟಕಡೆಗೆ ಇಟ್ಟು, ಅಲ್ಲಿಯವರೆಗೆ ಮನುಷ್ಯನನ್ನು ನೇತುಹಾಕುತ್ತದೆ. ಸಂಜೆಯಿಂದ ಎರಡೂ ಥರ ಮುಗಿಸಿ ನೋಡುತ್ತಿದ್ದೇನೆ. ಎರಡೂ ಅವಳ ಬಾಯಲ್ಲಿ ಸರಿಯಾಗಿಯೇ ಕೂರುತ್ತವೆ.

ನಾಳೆಯ ಮೊದಲ ನಿಮಿಷ ನನ್ನದು. ಬೆಳಿಗ್ಗೆ ಎದ್ದ ಕೂಡಲೇ ಅತ್ತೆಯ ಫೋನು ಬಂದು, ಇವಳು ಹತ್ತು ನಿಮಿಷವನ್ನೂ ಪಕ್ಕದ ಮನೆಯ ನಾಯಿಯ ಮೇಲೆ ಸುರಿದುಬಿಟ್ಟರೆ ನಾನು ಮನುಷ್ಯನಾಗಿರುವುದಿಲ್ಲ. ಇವಳ ಮೊಬೈಲನ್ನು ಆಫ್ ಮಾಡಿ ನನ್ನ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.